ಬೋರ್ಡು ಇಳಿದಿದೆ, ಅಂಗಡಿ ಮುಚ್ಚಿಲ್ಲ

ದೀಪಾವಳಿ ಮುಗಿದ ಮೇಲಿನ ಒಂದು ಭಾನುವಾರ ಹಾಸನದಲ್ಲಿ ಭಾವನ ಆಫೀಸಿನಲ್ಲಿ ಕೂತಿದ್ದೆ. ಭಾವ ಸಣ್ಣ ಗುತ್ತಿಗೆದಾರರು. ಚರಂಡಿ, ಶಾಲೆ ಕಾಂಪೌಂಡು, ಅಂಗನವಾಡಿ ರಿಪೇರಿ, ಇಂಥ ಕೆಲಸಗಳು. ಆಫೀಸಿನಲ್ಲಿ ಎರಡು ಕಂಪ್ಯೂಟರ್. ಒಂದು ಟೆಂಡರ್ ಹಾಕಲು, ಇನ್ನೊಂದು ಬಿಲ್ ಬರೆಯಲು. ಎರಡೂ ವಿಂಡೋಸ್ 10. "ಸ್ಲೋ ಆಗಿದೆ, ಒಂಚೂರು ನೋಡು ಕಣೋ" ಅಂದಿದ್ದರು.

ಸ್ಲೋ ಆಗಿದ್ದಕ್ಕೆ ಕಾರಣ ಬೇರೆ ಇತ್ತು, ಅದು ಬಿಡಿ. ನನ್ನ ಕಣ್ಣಿಗೆ ಬಿದ್ದದ್ದು ಟೆಂಡರ್ ಪುಟ ತೆರೆದಾಗ ವಿಳಾಸದ ಪಟ್ಟಿಯ ಎಡಕ್ಕೆ ಕಂಡ ಪುಟ್ಟ ನೀಲಿ 'ಇ'. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ದು. ಎಡ್ಜ್ ಬ್ರೌಸರ್ ಒಳಗೆ ಕೂತುಕೊಂಡು ಹಳೆಯ ಎಕ್ಸ್‌ಪ್ಲೋರರ್ ಕೆಲಸ ಮಾಡುತ್ತಿತ್ತು.

"ಭಾವ, ಇದನ್ನ ಇನ್ನೂ ಯಾಕೆ ಇಟ್ಕೊಂಡಿದೀರಿ?"

"ಅದಿಲ್ದೆ ಹೋದ್ರೆ ಡಾಂಗಲ್ ತಗೊಳಲ್ಲ ಕಣೋ."

ಡಾಂಗಲ್ ಅಂದರೆ ಡಿಜಿಟಲ್ ಸಹಿಯ ಯುಎಸ್‌ಬಿ ಕಡ್ಡಿ. ಟೆಂಡರ್ ಹಾಕುವವರಿಗೆ, ಆಡಿಟರ್‌ಗಳಿಗೆ ಇದು ಕೊರಳಿಗೆ ಕಟ್ಟಿಕೊಂಡ ತಾಯತ ಇದ್ದಂತೆ. ಸರಿ, ಆ ಕಂಪ್ಯೂಟರ್ ಆಮೇಲೆ ನೋಡೋಣ ಅಂತ ಬಿಲ್ ಬರೆಯುವ ಕಂಪ್ಯೂಟರ್ ಕಡೆ ತಿರುಗಿದೆ. ಅಲ್ಲಿ ಎಕ್ಸ್‌ಪ್ಲೋರರ್ ಯಾರಿಗೂ ಬೇಕಿರಲಿಲ್ಲ. ಹಾಗಿದ್ದ ಮೇಲೆ ತೆಗೆದುಹಾಕುವುದೇ ಸರಿ, ಅಲ್ವಾ?

ತೆಗೆಯುವುದು ಕಷ್ಟವೇನಲ್ಲ. ಕಂಟ್ರೋಲ್ ಪ್ಯಾನಲ್, ಪ್ರೋಗ್ರಾಮ್ಸ್, ಅದರೊಳಗೆ 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್'. ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11 ಎದುರಿನ ಟಿಕ್ ತೆಗೆದೆ. ಬೇರೆ ಕೆಲಸಗಳಿಗೆ ತೊಂದರೆ ಆದೀತು ಅಂತ ಒಂದು ಎಚ್ಚರಿಕೆ ಬಂತು. ಪರವಾಗಿಲ್ಲ ಅಂದೆ. ಕಂಪ್ಯೂಟರ್ ಆಫ್ ಆಗಿ ಆನ್ ಆಯಿತು. ಎರಡು ನಿಮಿಷದ ಕೆಲಸ.

ಆಮೇಲೆ ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆದು ಒಂದು ರಿಪೋರ್ಟ್ ನೋಡಿದೆ. ಮೊದಲಿನಂತೆಯೇ ಬಂತು. ಭಾವನಿಗೆ ಸಮಾಧಾನ. ನನಗೆ ಅನುಮಾನ. ರಿಪೋರ್ಟ್ ಮೇಲೆ ಮೌಸ್‌ನ ಬಲಗಡೆ ಒತ್ತಿದೆ. 'ಆಡ್ ಟು ಫೇವರಿಟ್ಸ್', 'ಎನ್‌ಕೋಡಿಂಗ್', 'ವ್ಯೂ ಸೋರ್ಸ್' ಅಂತ ಒಂದು ಹಳೇ ಮೆನು ಬಿಚ್ಚಿಕೊಂಡಿತು. ಹತ್ತು ಹದಿನೈದು ವರ್ಷದ ಹಿಂದೆ ಎಕ್ಸ್‌ಪ್ಲೋರರ್ ಬಳಸಿದವರಿಗೆಲ್ಲ ಗೊತ್ತಿರುವ ಮೆನು. ಈಗಷ್ಟೇ ತೆಗೆದುಹಾಕಿದ್ದ ಬ್ರೌಸರಿನದು.

ಇನ್ನೊಂದು ಪರೀಕ್ಷೆ ಮಾಡಿದೆ. ನೋಟ್‌ಪ್ಯಾಡ್‌ನಲ್ಲಿ ಎರಡು ಸಾಲು ಬರೆದು, ಕಡತದ ಬಾಲಕ್ಕೆ, ಅಂದರೆ ಹೆಸರಿನ ಕೊನೆಯ ಚುಕ್ಕೆಯ ನಂತರ, 'ಎಚ್‌ಟಿಎ' (ಪ್ರೋಗ್ರಾಮ್‌ನಂತೆ ಓಡುವ ಪುಟದ ಗುರುತು) ಅಂತ ಹೆಸರು ಕೊಟ್ಟು ಡೆಸ್ಕ್‌ಟಾಪ್ ಮೇಲೆ ಉಳಿಸಿದೆ. ಎರಡು ಸಲ ಒತ್ತಿದೆ. ಕಿಟಕಿಯೊಂದು ತೆರೆದು ನಾನು ಬರೆದ ಸಾಲು ತೋರಿಸಿತು. ಅದೂ ಎಕ್ಸ್‌ಪ್ಲೋರರ್‌ನ ಎಂಜಿನ್ನೇ, ಅಂದರೆ ಪುಟವನ್ನು ಪರದೆಯ ಮೇಲೆ ಬಿಡಿಸುವ ಒಳಭಾಗ. ನಾನು ತೆಗೆದದ್ದು ಬೋರ್ಡು ಮಾತ್ರ. ಒಳಗೆ ವ್ಯಾಪಾರ ನಡೆದೇ ಇತ್ತು.

ಮೈಕ್ರೋಸಾಫ್ಟ್ 2022ರ ಜೂನ್ 15ರಂದು ಎಕ್ಸ್‌ಪ್ಲೋರರ್ 11ಕ್ಕೆ ವಿದಾಯ ಹೇಳಿತು. 2023ರ ಫೆಬ್ರವರಿ 14ರಂದು ಬಂದ ಎಡ್ಜ್ ಅಪ್‌ಡೇಟ್ ಸಾಮಾನ್ಯ ವಿಂಡೋಸ್ 10 ಕಂಪ್ಯೂಟರ್‌ಗಳಲ್ಲಿ ಅದನ್ನು ಶಾಶ್ವತವಾಗಿ ನಿಲ್ಲಿಸಿತು. ಆ ಮೇಲೆ ಹಳೇ ಐಕಾನ್ ಒತ್ತಿದರೂ ಎಡ್ಜ್ ತೆರೆಯುತ್ತದೆ. ಹಾಗಾದರೆ ವಿಷಯ ಮುಗಿಯಿತು ಅಂತ ಎಲ್ಲರೂ ಅಂದುಕೊಂಡೆವು. ಮುಗಿಯಲಿಲ್ಲ. ಅದರ ಎಂಜಿನ್, ಎಂಎಸ್‌ಎಚ್‌ಟಿಎಂಎಲ್ ಅನ್ನುವ ಭಾಗ, ವಿಂಡೋಸ್ 11ರಲ್ಲೂ ಇದೆ. ಯಾಕೆ ಅನ್ನುವುದು ತಿಳಿಯಬೇಕಾದರೆ ಒಂದು ಹಳೇ ಕೋರ್ಟು ಕೇಸಿಗೆ ಹೋಗಬೇಕು.

1995ರಲ್ಲಿ ಬಂದ ಮೊದಲ ಎಕ್ಸ್‌ಪ್ಲೋರರ್ ಅಂಗಡಿಯ ವಿಂಡೋಸ್ ಡಬ್ಬದೊಳಗೆ ಇರಲಿಲ್ಲ. 'ಪ್ಲಸ್' ಅಂತ ಬೇರೆ ದುಡ್ಡು ಕೊಟ್ಟು ಕೊಳ್ಳುವ ಪ್ಯಾಕ್‌ನಲ್ಲಿತ್ತು. ಆಗ ಬ್ರೌಸರ್ ಅಂದರೆ ನೆಟ್‌ಸ್ಕೇಪ್. ಅದನ್ನು ಹೊಡೆಯಲು ಮೈಕ್ರೋಸಾಫ್ಟ್ ತನ್ನ ಬ್ರೌಸರನ್ನು ಪುಕ್ಕಟೆ ಮಾಡಿತು. ಆಮೇಲೆ ವಿಂಡೋಸ್ 98ರ ಹೊತ್ತಿಗೆ ವಿಂಡೋಸ್‌ಗೇ ಬೆಸೆದುಬಿಟ್ಟಿತು. ಫೋಲ್ಡರ್ ತೆರೆದರೂ ಅದೇ ಎಂಜಿನ್, ಸಹಾಯದ ಪುಟ ತೆರೆದರೂ ಅದೇ. 1998ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಮತ್ತು ಹಲವು ರಾಜ್ಯಗಳು ಮೈಕ್ರೋಸಾಫ್ಟ್ ಮೇಲೆ ಏಕಸ್ವಾಮ್ಯದ ಕೇಸು ಹಾಕಿದವು.

ಕೇಸಿನ ಮುಖ್ಯ ಪ್ರಶ್ನೆಗಳಲ್ಲಿ ಒಂದು, ಭಾವನ ಆಫೀಸಿನಲ್ಲಿ ನನಗೆ ಎದುರಾದದ್ದೇ. ವಿಂಡೋಸ್‌ನಿಂದ ಬ್ರೌಸರ್ ಕಿತ್ತುಹಾಕಲು ಆಗುತ್ತದೋ ಇಲ್ಲವೋ? ಆಗುತ್ತದೆ ಅಂದವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್. ಸರ್ಕಾರದ ಪರ ಸಾಕ್ಷಿ. ಎಕ್ಸ್‌ಪ್ಲೋರರ್‌ನಲ್ಲಿ ಜಾಲತಾಣ ನೋಡುವ ದಾರಿಗಳನ್ನೆಲ್ಲ ಮುಚ್ಚುವ ಒಂದು ಪ್ರೋಗ್ರಾಮನ್ನೇ ಅವರು ಬರೆದು ತೋರಿಸಿದರು. ಆಗಲ್ಲ ಅಂದದ್ದು ಮೈಕ್ರೋಸಾಫ್ಟ್. ಬ್ರೌಸರ್ ಬೇರೆಯಲ್ಲ, ವಿಂಡೋಸ್ ಬೇರೆಯಲ್ಲ, ಕಿತ್ತರೆ ವಿಂಡೋಸೇ ಕುಂಟುತ್ತದೆ ಅನ್ನುವ ವಾದ. ಅದನ್ನು ಸಾಬೀತು ಮಾಡಲು 1999ರ ಫೆಬ್ರವರಿಯಲ್ಲಿ ಕಂಪನಿಯ ಹಿರಿಯ ಅಧಿಕಾರಿ ಜಿಮ್ ಆಲ್ಚಿನ್ ಕೋರ್ಟಿನಲ್ಲಿ ಒಂದು ವಿಡಿಯೋ ತೋರಿಸಿದರು. ಸರ್ಕಾರದ ವಕೀಲ ಡೇವಿಡ್ ಬಾಯ್ಸ್ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದರು. ಕಿಟಕಿಯ ತಲೆಪಟ್ಟಿಯ ಅಕ್ಷರಗಳು ಮೈಕ್ರೋಸಾಫ್ಟ್ ಹೇಳುತ್ತಿದ್ದ ಕಥೆಗೆ ಹೊಂದುತ್ತಿರಲಿಲ್ಲ. ಕಂಪನಿಗೆ ಭಾರೀ ಮುಜುಗರ ಆಯಿತು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಸಿಕ್ಕಿಬಿದ್ದ ಕಥೆ ಅಂತ ಹೇಳುತ್ತಾರೆ. ನನಗೆ ಹಾಗೆ ಮಾತ್ರ ಅನ್ನಿಸುವುದಿಲ್ಲ. ಫೆಲ್ಟನ್ ಅವರ ಪ್ರೋಗ್ರಾಮ್ ಕೂಡ ವಿಂಡೋಸ್ ಮತ್ತು ಬ್ರೌಸರ್ ಹಂಚಿಕೊಂಡ ಕೋಡನ್ನು ಮುಟ್ಟಿರಲಿಲ್ಲ, ಬ್ರೌಸರ್‌ಗೆ ಹೋಗುವ ಬಾಗಿಲು ಮುಚ್ಚಿತ್ತು ಅಷ್ಟೇ. ಒಳಗಿನ ಎಂಜಿನ್ ಬೇರೆ ಪ್ರೋಗ್ರಾಮ್‌ಗಳಿಗೂ ಬೇಕಾಗಿದೆ ಅನ್ನುವ ಮೈಕ್ರೋಸಾಫ್ಟ್ ಮಾತು ನಿಜವೇ. ಸುಳ್ಳಾಗಿದ್ದು, ಹಾಗೆ ಮಾಡದೆ ಬೇರೆ ದಾರಿ ಇರಲಿಲ್ಲ ಅನ್ನುವುದು.

ಕಂಪನಿಯನ್ನು ಎರಡು ಭಾಗ ಮಾಡಬೇಕು ಅಂತ 2000ದಲ್ಲಿ ತೀರ್ಪು ಬಂತು. 2001ರಲ್ಲಿ ಮೇಲಿನ ಕೋರ್ಟು ಆ ಆದೇಶ ರದ್ದು ಮಾಡಿತು. ಕೊನೆಗೆ ರಾಜಿ. ಆ ರಾಜಿಯ ಫಲವಾಗಿ ವಿಂಡೋಸ್ ಎಕ್ಸ್‌ಪಿಯ ಮೊದಲ ಸರ್ವಿಸ್ ಪ್ಯಾಕ್‌ನಲ್ಲಿ ಒಂದು ಹೊಸ ಸೌಲಭ್ಯ ಬಂತು. ಎಕ್ಸ್‌ಪ್ಲೋರರ್‌ನ ಐಕಾನ್ ಮರೆಮಾಡಬಹುದು, ಬೇರೆ ಬ್ರೌಸರನ್ನು ಮುಂದೆ ಇಟ್ಟುಕೊಳ್ಳಬಹುದು. ಎಂಜಿನ್ ಮಾತ್ರ ಇದ್ದಲ್ಲೇ ಇರುತ್ತದೆ. ಬೋರ್ಡು ಇಳಿಸುವ ಪದ್ಧತಿ ಶುರುವಾದದ್ದು ಅಲ್ಲಿಂದ. ವಕೀಲರಿಗೆ ಅಷ್ಟು ಸಾಕಾಗಿತ್ತು, ಅವರ ತಕರಾರು ವ್ಯಾಪಾರದ್ದು. ವೈರಸ್ ಬರೆಯುವವನಿಗೆ ಐಕಾನ್ ಇದ್ದರೇನು, ಹೋದರೇನು?

ಅವನು ಹೇಗೆ ಬರುತ್ತಾನೆ ಅನ್ನುವುದನ್ನು ಹತ್ತಿರದಿಂದ ನೋಡೋಣ. 2021ರ ಸೆಪ್ಟೆಂಬರ್‌ನಲ್ಲಿ ಸಿವಿಇ-2021-40444 ಅನ್ನುವ ದೋಷ ಬಯಲಾಯಿತು (ಸಿವಿಇ ಅಂದರೆ ಸುರಕ್ಷತೆಯ ದೋಷಗಳಿಗೆ ಕೊಡುವ ಕ್ರಮಸಂಖ್ಯೆ). ಬಲಿಯಾದವರು ಬ್ರೌಸರ್ ತೆರೆಯಬೇಕಾಗಿರಲಿಲ್ಲ. ತೆರೆದದ್ದು ಒಂದು ವರ್ಡ್ ಕಡತ. ಆ ಕಡತ ಒಳಗಿಂದೊಳಗೇ ಎಕ್ಸ್‌ಪ್ಲೋರರ್ ಎಂಜಿನ್ನನ್ನು ಕರೆದು, ಹೊರಗಿನ ಸರ್ವರ್‌ನಿಂದ ಆಕ್ಟಿವ್‌ಎಕ್ಸ್ ತುಣುಕು, ಅಂದರೆ ಎಕ್ಸ್‌ಪ್ಲೋರರ್ ಒಳಗೆ ಓಡುವ ಪುಟ್ಟ ಪ್ರೋಗ್ರಾಮ್, ತರಿಸಿಕೊಳ್ಳುತ್ತಿತ್ತು. ಕ್ರೋಮ್ ಬಳಸುತ್ತೇನೆ, ನನಗೇನು ಅಂದವರಿಗೂ ಅದು ತಟ್ಟುವಂಥದ್ದು.

ಅದಕ್ಕಿಂತ ಚಾಲಾಕಿನದು 2024ರದ್ದು, ಸಿವಿಇ-2024-38112. ಚೆಕ್ ಪಾಯಿಂಟ್ ಕಂಪನಿಯ ಸಂಶೋಧಕರು ಕಂಡುಹಿಡಿದದ್ದು. ಜಿಪ್ ಕಡತದಲ್ಲಿ ಪುಸ್ತಕದ ಪಿಡಿಎಫ್‌ನಂತೆ ಕಾಣುವ ಒಂದು ಕಡತ. ಐಕಾನ್ ಕೂಡ ಪಿಡಿಎಫ್‌ದೇ. ಅಸಲಿಗೆ ಅದು ಒಂದು ಶಾರ್ಟ್‌ಕಟ್, ಜಾಲತಾಣದ ವಿಳಾಸ ಇಟ್ಟುಕೊಂಡ ಪುಟ್ಟ ಕಡತ. ವಿಳಾಸದ ಮುಂದೆ 'ಎಂಎಚ್‌ಟಿಎಂಎಲ್' ಅನ್ನುವ ಒಂದು ಹಳೇ ಗುರುತು ಸೇರಿಸಿದ್ದರು. ಆ ಗುರುತು ಕಂಡ ಕೂಡಲೇ ವಿಂಡೋಸ್ ಕ್ರೋಮನ್ನೂ ಕರೆಯಲಿಲ್ಲ, ಎಡ್ಜನ್ನೂ ಕರೆಯಲಿಲ್ಲ. ನಿವೃತ್ತಿಯಾಗಿ ಮನೆಯಲ್ಲಿ ಕೂತಿದ್ದ ಎಕ್ಸ್‌ಪ್ಲೋರರನ್ನು ಎಬ್ಬಿಸಿ ಕರೆತಂದಿತು. ಅಲ್ಲಿಂದ ಇಳಿಯುವ ಕಡತದ ಹೆಸರೂ ಪಿಡಿಎಫ್ ಅಂತಲೇ ಕಾಣುತ್ತದೆ. ಆ ಹೆಸರು ಮುಗಿದ ಮೇಲೆ ಕಣ್ಣಿಗೆ ಕಾಣದ ಖಾಲಿ ಅಕ್ಷರಗಳ ಉದ್ದ ಸಾಲು, ಅದರ ತುದಿಯಲ್ಲಿ ನಿಜವಾದ ಬಾಲ: ಎಚ್‌ಟಿಎ. ಹೌದು, ನಾನು ನೋಟ್‌ಪ್ಯಾಡ್‌ನಲ್ಲಿ ಬರೆದ ಜಾತಿಯದೇ. ಒಂದೆರಡು ಎಚ್ಚರಿಕೆ ಬರುತ್ತವೆ. ಪಿಡಿಎಫ್ ತಾನೇ ಅಂತ ಒತ್ತಿದರೆ ಮುಗಿಯಿತು. ಪಾಸ್‌ವರ್ಡು, ಕುಕೀ ಎಲ್ಲ ಕದಿಯುವ ಪ್ರೋಗ್ರಾಮ್ ಒಳಗೆ ಬಂತು. ಈ ಉಪಾಯ ಬಳಸಿದ ಕಡತಗಳು 2023ರ ಜನವರಿಯಿಂದಲೇ ಓಡಾಡುತ್ತಿದ್ದವು. ದೋಷ ಮುಚ್ಚುವ ತೇಪೆ ಬಂದದ್ದು 2024ರ ಜುಲೈನಲ್ಲಿ. ಒಂದೂವರೆ ವರ್ಷ!

ದಕ್ಷಿಣ ಕೊರಿಯಾದ ಕಥೆ ಇನ್ನೂ ವಿಚಿತ್ರ. ಅಲ್ಲಿ ಬ್ಯಾಂಕು, ಸರ್ಕಾರಿ ತಾಣಗಳೆಲ್ಲ ವರ್ಷಗಟ್ಟಲೆ ಆಕ್ಟಿವ್‌ಎಕ್ಸ್‌ಗೆ ಜೋತುಬಿದ್ದಿದ್ದವು. ಹಾಗಾಗಿ ಎಕ್ಸ್‌ಪ್ಲೋರರ್ ಬಿಟ್ಟರೆ ಗತಿಯಿರಲಿಲ್ಲ. 2022ರಲ್ಲಿ ಅದು ನಿಂತಾಗ ಗ್ಯೊಂಗ್ಜು ನಗರದ ಕೆಫೆಯೊಂದರಲ್ಲಿ ಒಬ್ಬ ಎಂಜಿನಿಯರ್ ಅದಕ್ಕೊಂದು ಸಮಾಧಿ ಕಲ್ಲು ನೆಟ್ಟರು. ಬೇರೆ ಬ್ರೌಸರ್ ಡೌನ್‌ಲೋಡ್ ಮಾಡಿಕೊಳ್ಳಲು ಒಳ್ಳೆಯ ಸಾಧನವಾಗಿತ್ತು ಅಂತ ಕಲ್ಲಿನ ಮೇಲೆ ಕೆತ್ತಿಸಿದ್ದರು. ಜಗತ್ತೆಲ್ಲ ನಕ್ಕಿತು. ಎರಡು ವರ್ಷಕ್ಕೆ ಅದೇ ದೇಶದಲ್ಲಿ ಸತ್ತವನು ಎದ್ದು ಕೂತ. ಪುಕ್ಕಟೆ ಸಾಫ್ಟ್‌ವೇರ್‌ಗಳು ಪರದೆಯ ಮೂಲೆಯಲ್ಲಿ ಪುಟ್ಟ ಜಾಹೀರಾತು ತೋರಿಸುತ್ತವಲ್ಲ, ಅಂಥ ಜಾಹೀರಾತನ್ನು ಬಿಡಿಸುತ್ತಿದ್ದದ್ದು ಎಕ್ಸ್‌ಪ್ಲೋರರ್ ಎಂಜಿನ್. ಉತ್ತರ ಕೊರಿಯಾದ ನಂಟಿರುವ ಸ್ಕಾರ್‌ಕ್ರಫ್ಟ್ ಗುಂಪು ಜಾಹೀರಾತು ಕಂಪನಿಯ ಸರ್ವರ್‌ಗೇ ಕನ್ನ ಹಾಕಿತು. ಜಾಹೀರಾತು ಮೂಡಿದರೆ ಸಾಕು, ಬಳಸುವವರು ಏನನ್ನೂ ಒತ್ತಬೇಕಾಗಿರಲಿಲ್ಲ. 2024ರ ಆಗಸ್ಟ್‌ನಲ್ಲಿ ಇದಕ್ಕೂ ತೇಪೆ ಬಂತು.

ಮೂರೂ ಪ್ರಸಂಗಗಳಲ್ಲಿ ಒಂದು ಸಂಗತಿ ಸಮಾನ. ಹೊಸ ಬ್ರೌಸರಿನ ಬೇಲಿ ದಾಟುವುದು ಕಷ್ಟ. ಅದಕ್ಕೆ ಕಳ್ಳ ಮುಂಬಾಗಿಲು ಬಿಟ್ಟು ಹಿತ್ತಿಲಿಗೆ ಬರುತ್ತಾನೆ. ದಿನಾ ಬಳಸುವ ಬಾಗಿಲ ಚಿಲಕ ಸಡಿಲವಾದರೆ ನಮಗೇ ಗೊತ್ತಾಗುತ್ತದೆ. ಹಿತ್ತಿಲ ಬಾಗಿಲ ಕಡೆ ಯಾರು ನೋಡುತ್ತಾರೆ? ಬಳಸದ ಬ್ರೌಸರ್ ಸುಮ್ನೆ ಬಿದ್ದಿರಲಿ, ಏನು ತೊಂದರೆ ಅನ್ನುವ ವಾದ ನಿಲ್ಲದಿರುವುದು ಇಲ್ಲೇ. ನಾವು ಬಳಸುವುದಿಲ್ಲ ಸರಿ, ಬೇರೆಯವರು ಬಳಸುತ್ತಾರೆ.

ಹಾಗಾದರೆ ಟಿಕ್ ತೆಗೆದದ್ದು ವ್ಯರ್ಥವೇ? ಅಲ್ಲ. ವಿಂಡೋಸ್ 10ರಲ್ಲಿ ಹಾಗೆ ತೆಗೆದರೆ ಎಕ್ಸ್‌ಪ್ಲೋರರ್ ಪ್ರೋಗ್ರಾಮೇ ಹೋಗುತ್ತದೆ. ಎಬ್ಬಿಸಿ ಕರೆತರಲು ಆಳು ಇರುವುದಿಲ್ಲ. ಎಂಜಿನ್ ಉಳಿಯುತ್ತದೆ, ಅದರ ಹಾದಿಗಳನ್ನು ಕಿರಿದು ಮಾಡಬೇಕು. ಬಿಲ್ಲಿನ ಕಂಪ್ಯೂಟರ್‌ನಲ್ಲಿ ಇನ್ನೆರಡು ಕೆಲಸ ಮಾಡಿದೆ. ನಾನು ಮಾಡಿದ್ದ ಎಚ್‌ಟಿಎ ಕಡತದ ಮೇಲೆ ಬಲಗಡೆ ಒತ್ತಿ, ಇಂಥ ಕಡತಗಳನ್ನು ಯಾವಾಗಲೂ ನೋಟ್‌ಪ್ಯಾಡ್‌ನಲ್ಲೇ ತೆರೆ ಅಂತ ಹೇಳಿಟ್ಟೆ. ಇನ್ನು ಮೇಲೆ ಅಂಥದ್ದನ್ನು ಯಾರಾದರೂ ಒತ್ತಿದರೆ ಗೀಚು ಗೀಚು ಅಕ್ಷರ ಕಾಣುತ್ತದೆ, ಅಷ್ಟೇ. ಫೋಲ್ಡರ್‌ನ 'ವ್ಯೂ' ಪಟ್ಟಿಯಲ್ಲಿ ಕಡತಗಳ ಬಾಲ ತೋರಿಸುವ ಆಯ್ಕೆಯನ್ನೂ ಹಾಕಿದೆ. ವಿಂಡೋಸ್ ಅದನ್ನು ಮರೆಮಾಡಿ ಕೊಡುವುದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ಶಾರ್ಟ್‌ಕಟ್‌ಗಳ ಬಾಲ ಈ ಆಯ್ಕೆ ಹಾಕಿದ ಮೇಲೂ ಕಾಣುವುದಿಲ್ಲ. ಆದ್ದರಿಂದ ಜಿಪ್‌ನಲ್ಲಿ ಬಂದ ಪಿಡಿಎಫ್ ಬಗ್ಗೆ ಅನುಮಾನ ಇಟ್ಟುಕೊಳ್ಳಿ ಅಂತ ಬಿಲ್ ಬರೆಯುವ ಹುಡುಗಿಗೂ ಹೇಳಿದೆ.

ಸಿಸ್ಟಮ್ ಫೋಲ್ಡರ್‌ಗೆ ಹೋಗಿ ಎಂಜಿನ್ನಿನ ಕಡತವನ್ನೇ ಅಳಿಸಿಬಿಟ್ಟರೆ? ಮಾಡಬೇಡಿ. ಬಿಲ್ಲಿಂಗ್ ಸಾಫ್ಟ್‌ವೇರ್ ನಿಲ್ಲುತ್ತದೆ, ಇನ್ನೇನೇನು ನಿಲ್ಲುತ್ತದೋ ಹೇಳಲಾಗದು.

ಎಡ್ಜ್ ಕೂಡ ನಮಗೆ ಬೇಡದೇ ಬಂದ ಬ್ರೌಸರೇ ಅಲ್ವಾ, ಅದನ್ನೂ ಕಿತ್ತುಹಾಕೋಣ ಅಂತ ತುಂಬ ಜನ ಕೇಳುತ್ತಾರೆ. ಯುರೋಪಿನಲ್ಲಿ ಹೊಸ ಕಾನೂನಿನಿಂದಾಗಿ 2024ರಿಂದ ಅದನ್ನು ತೆಗೆಯಲು ಅವಕಾಶ ಇದೆ. ನಮಗೆ ಇಲ್ಲ. ಇದು ನನಗೂ ಸಿಟ್ಟು ತರಿಸುವ ವಿಷಯ. ಆದರೆ ಸಿಟ್ಟು ಬೇರೆ, ಸುರಕ್ಷತೆ ಬೇರೆ. ಎಡ್ಜ್‌ಗೆ ಮೇಲಿಂದ ಮೇಲೆ ಅಪ್‌ಡೇಟ್ ಬರುತ್ತದೆ, ಒಳಗಿನ ಎಂಜಿನ್ ಕ್ರೋಮಿಯಂ, ಅಂದರೆ ಕ್ರೋಮ್‌ನಲ್ಲಿ ಇರುವುದೇ. ಅದನ್ನು ಕಿತ್ತುಹಾಕುತ್ತೇವೆ ಅನ್ನುವ ಸ್ಕ್ರಿಪ್ಟುಗಳು ಅಂತರ್ಜಾಲದ ತುಂಬ ಇವೆ. ಯಾರೋ ಬರೆದ ಸ್ಕ್ರಿಪ್ಟಿಗೆ ಅಡ್ಮಿನ್ ಅಧಿಕಾರ ಕೊಟ್ಟು ಓಡಿಸುವುದು, ಇರುವ ಬ್ರೌಸರನ್ನು ಸುಮ್ಮನೆ ಬಿಡುವುದಕ್ಕಿಂತ ಜಾಸ್ತಿ ಅಪಾಯ. ಎಡ್ಜ್ ಬೇಡದಿದ್ದರೆ ಬೇರೆ ಬ್ರೌಸರನ್ನು ಡಿಫಾಲ್ಟ್ ಮಾಡಿ, ಎಡ್ಜ್‌ನ ಅಪ್‌ಡೇಟ್ ಮಾತ್ರ ನಿಲ್ಲಿಸಬೇಡಿ.

ಎಡ್ಜ್‌ನಲ್ಲಿ ನೋಡಬೇಕಾದದ್ದು ಒಂದೇ, 'ಐಇ ಮೋಡ್', ಅಂದರೆ ಎಡ್ಜ್ ಒಳಗೇ ಹಳೇ ಎಕ್ಸ್‌ಪ್ಲೋರರ್ ಓಡಿಸುವ ವ್ಯವಸ್ಥೆ. ಹಳೇ ತಾಣಗಳಿಗಾಗಿ ಕೊಟ್ಟ ಈ ಸೌಲಭ್ಯವನ್ನು 2029ರವರೆಗಾದರೂ ಇಡುತ್ತೇವೆ ಅಂತ ಮೈಕ್ರೋಸಾಫ್ಟ್ ಹೇಳಿದೆ. 2025ರ ಆಗಸ್ಟ್‌ನಲ್ಲಿ ಇದನ್ನೂ ಕಳ್ಳರು ಬಳಸಿಕೊಂಡದ್ದು ಕಂಪನಿಗೆ ತಿಳಿಯಿತು. ನಕಲಿ ತಾಣ ತೋರಿಸಿ, ಈ ಪುಟವನ್ನು ಐಇ ಮೋಡ್‌ನಲ್ಲಿ ತೆರೆಯಿರಿ ಅಂತ ಜನರಿಂದಲೇ ಒತ್ತಿಸುತ್ತಿದ್ದರು. ಆ ಮೇಲೆ ಸುಲಭವಾಗಿ ಸಿಗುತ್ತಿದ್ದ ಗುಂಡಿಗಳನ್ನು ತೆಗೆದರು. ಈಗ ಸೆಟ್ಟಿಂಗ್ಸ್‌ಗೆ ಹೋಗಿ, ಡಿಫಾಲ್ಟ್ ಬ್ರೌಸರ್ ಪುಟದಲ್ಲಿ ಅನುಮತಿ ಕೊಟ್ಟು, ಬೇಕಾದ ವಿಳಾಸವನ್ನು ಒಂದೊಂದಾಗಿ ಸೇರಿಸಬೇಕು. ಮನೆಯ ಕಂಪ್ಯೂಟರ್‌ನಲ್ಲಿ ಈ ಅನುಮತಿ ಇರುವ ಅಗತ್ಯವೇ ಇಲ್ಲ.

ಭಾವನ ಆಫೀಸಿನಲ್ಲಿ ಅಗತ್ಯ ಇತ್ತು. ಇದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ. ನಮ್ಮಲ್ಲಿ ಎಷ್ಟೋ ಸರ್ಕಾರಿ, ಬ್ಯಾಂಕು ತಾಣಗಳ ಅಡಿಯಲ್ಲಿ ಇದನ್ನು ಎಕ್ಸ್‌ಪ್ಲೋರರ್‌ನಲ್ಲೇ ನೋಡಿ ಅನ್ನುವ ಒಂದು ಸಾಲು ಇರುತ್ತಿತ್ತು. ಕನ್ನಡ ಓದುವವರಿಗೂ ಒಂದು ಕಾಲದಲ್ಲಿ ಅದೇ ಗತಿ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಹಲವು ತಾಣಗಳು ತಮ್ಮದೇ ಫಾಂಟನ್ನು ಪುಟದ ಜೊತೆಗೆ ಕಳಿಸುತ್ತಿದ್ದವು. ಆ ಬಗೆಯ ಫಾಂಟು ಎಕ್ಸ್‌ಪ್ಲೋರರ್‌ಗೆ ಮಾತ್ರ ಅರ್ಥವಾಗುತ್ತಿತ್ತು, ಬೇರೆ ಬ್ರೌಸರಿನಲ್ಲಿ ಚಿತ್ರವಿಚಿತ್ರ ಇಂಗ್ಲಿಷ್ ಗುರುತುಗಳು ಕಾಣುತ್ತಿದ್ದವು. ಹಾಗೆ ನೀಲಿ 'ಇ' ಅಂದರೆ ಇಂಟರ್‌ನೆಟ್ ಅಂತಲೇ ಬೆಳೆದವರು ನಾವು. ಈಗ ಬಹಳ ಕಡೆ ಸಹಿ ಹಾಕಲು ಬೇರೆಯೇ ಒಂದು ಪುಟ್ಟ ಸಾಫ್ಟ್‌ವೇರ್ ಕೊಡುತ್ತಾರೆ, ಯಾವ ಬ್ರೌಸರ್ ಆದರೂ ನಡೆಯುತ್ತದೆ. ಭಾವ ನೋಡುವ ನಾಲ್ಕು ತಾಣಗಳಲ್ಲಿ ಮೂರು ಕ್ರೋಮ್‌ನಲ್ಲೇ ಡಾಂಗಲ್ ತೆಗೆದುಕೊಂಡವು. ಅವರಿಗೆ ಗೊತ್ತೇ ಇರಲಿಲ್ಲ. ಒಂದು ಮಾತ್ರ ಹಟ ಹಿಡಿಯಿತು.

ಆದ್ದರಿಂದ ಟೆಂಡರ್ ಕಂಪ್ಯೂಟರ್‌ನಲ್ಲಿ ಫೀಚರ್ಸ್ ಪಟ್ಟಿಯ ಟಿಕ್ ಮುಟ್ಟಲಿಲ್ಲ. ಅಲ್ಲಿ ತೆಗೆದರೆ ಐಇ ಮೋಡ್ ಕೂಡ ಕೆಲಸ ಮಾಡುವುದಿಲ್ಲ. ಬದಲಿಗೆ ಇಮೇಲ್, ವಾಟ್ಸ್‌ಆ್ಯಪ್, ಯುಎಸ್‌ಬಿಯಲ್ಲಿ ಬರುವ ಕಡತ ಯಾವುದನ್ನೂ ಈ ಕಂಪ್ಯೂಟರ್‌ನಲ್ಲಿ ತೆರೆಯಬೇಡಿ ಅಂದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿದೆ. ಇನ್ನೊಂದು ವರ್ಷದ ಹೆಚ್ಚುವರಿ ಅಪ್‌ಡೇಟ್‌ಗೆ ಎರಡೂ ಕಂಪ್ಯೂಟರ್‌ಗಳನ್ನು ಸೇರಿಸಿದೆ. ಎಂಜಿನ್ನಿನ ತೇಪೆಗಳು ಬರುವುದು ಅದರಲ್ಲೇ. ಆಮೇಲೆ ಐಇ ಮೋಡ್ ಪಟ್ಟಿಯಲ್ಲಿದ್ದ ಹಳೇ ವಿಳಾಸಗಳನ್ನೆಲ್ಲ ಅಳಿಸಿ, ಹಟ ಹಿಡಿದ ಆ ಒಂದೇ ತಾಣ ಸೇರಿಸಿದೆ. ವಿಳಾಸದ ಪಕ್ಕದಲ್ಲಿ ಒಂದು ತಾರೀಖು ಮೂಡಿತು.

"ಇದೇನು ಡೇಟು?" ಅಂದರು ಭಾವ.

"ಮೂವತ್ತು ದಿನ ಅಷ್ಟೇ ಇರತ್ತೆ. ಆಮೇಲೆ ಮತ್ತೆ ಸೇರಿಸ್ಬೇಕು."

"ತಿಂಗಳು ತಿಂಗಳೂನಾ? ಒಳ್ಳೇ ಕಿರಿಕಿರಿ ಆಯ್ತಲ್ಲೋ."

"ಆ ತಾಣದವರಿಗೆ ಫೋನ್ ಮಾಡಿ ಬೈಯಿರಿ ಭಾವ" ಅಂದೆ. ಅವರು ಟೇಬಲ್ ಮೇಲಿದ್ದ ಕ್ಯಾಲೆಂಡರ್ ಎಳೆದುಕೊಂಡು, ಆ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಹಾಕಿದರು.